ಬಿದ್ದರೆ, ಬಿದ್ದಾಗ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ತಿದ್ದಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಹುಟ್ಟಿದ ಹೆಸರು ಅದು. ಬರಬರುತ್ತಾ ಎದುರಿಗೇ ಕರೆಯತೊಡಗಿದರು, ಅವಳೂ ಓಗೊಡತೊಡಗಿದಳು.

ಕಾಲು ಕಳೆದುಕೊಂಡವರಿಗೆ ಹೊಸ ಕಾಲು ಜೋಡಿಸಿ ನಡೆಯಲು ಕಲಿಸುವ ಆಸ್ಪತ್ರೆ ಅದು. ನಾನಾ ಭಾಷೆಯ ಜನ ಅಲ್ಲಿಗೆ ಬರುತ್ತಿದ್ದುದರಿಂದ ರೋಗಿಗಳ ಕೈಗೆ ಕೊಡುವ ತಿಳಿವಳಿಕೆ ಪತ್ರಗಳೆಲ್ಲ ಮೊದಲು ಇಂಗ್ಲಿಷಿನಲ್ಲಿ ತಯಾರಾಗಿ, ಆಮೇಲೆ ಬೇರೆ ಭಾಷೆಗಳಿಗೆ ಹೋಗುತ್ತಿದ್ದವು. ಆ ಇಂಗ್ಲಿಷನ್ನು ಬರೆಯುವುದು, ಡಾಕ್ಟರುಗಳು ಬರೆದದ್ದನ್ನು ತಿದ್ದುವುದು ಅವಳ ಕೆಲಸ. ಹೊಸ ಕಾಲನ್ನು ತೊಳೆಯುವುದು ಹೇಗೆ, ಅದರೊಳಗೆ ಮೊಂಡುಕಾಲಿಗೆ ತೊಡುವ ಚೀಲವನ್ನು ಸುಕ್ಕಿಲ್ಲದ ಹಾಗೆ ಎಳೆದುಕೊಳ್ಳುವುದು ಹೇಗೆ, ಮೆಟ್ಟಿಲು ಇಳಿಯುವಾಗ ಯಾವ ಕಾಲು ಮುಂದು. 'ಯು ಮಸ್ಟ್ ವಾಶ್' ಎಂದರೆ ಗದರಿದಂತೆ. 'ಯು ಮೇ ವಾಶ್' ಎಂದರೆ ತೊಳೆದರೂ ಸೈ, ಬಿಟ್ಟರೂ ಸೈ ಎಂದಂತೆ. ಬರೀ 'ವಾಶ್' ಎಂದರೆ ಎದುರು ನಿಂತು ಕೈಗೆ ಸೋಪು ಕೊಟ್ಟಂತೆ. ಇಂಥದ್ದನ್ನು ಹಿಡಿದುಕೊಂಡು ಅವಳು ಅರ್ಧ ದಿನ ಕೂರಬಲ್ಲವಳು. "ತಿದ್ದಮ್ಮ ಬೋರ್ಡ್ ಓದೋಕ್ಕೆ ಮುಂಚೆ ಊಟ ತಗೊಂಡುಬಿಡಿ, ಆಮೇಲೆ ಅದನ್ನ ಅಳಿಸಿ ಬರೆಯೋದ್ರೊಳಗೆ ಎಲ್ಲಾ ತಣ್ಣಗಾಗುತ್ತೆ" ಎಂದು ಕ್ಯಾಂಟೀನಿನವನು ತಮಾಷೆ ಮಾಡುತ್ತಿದ್ದ.

ಅವಳ ಕೋಣೆಯ ನೇರ ಕೆಳಗೆ ದಪ್ಪ ಚಾಪೆಗಳನ್ನು ಹಾಸಿದ ಒಂದು ದೊಡ್ಡ ಹಜಾರವಿತ್ತು. ಅಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ರೋಗಿಗಳಿಗೆ ಬೀಳುವುದನ್ನು ಕಲಿಸುತ್ತಿದ್ದ. ಆನೆಯಂಥ ಆಳು. ಮೊದಲು ತಾನು ಬಿದ್ದು ತೋರಿಸುತ್ತಿದ್ದ. ಅವನು ಬಿದ್ದಾಗಲೆಲ್ಲ ಮೇಲೆ ತಿದ್ದಮ್ಮನ ಮೇಜಿನ ಮೇಲಿನ ಲೋಟ ಕಿಣಿಕಿಣಿ ಎನ್ನುತ್ತಿತ್ತು. ಅವನಿಗೆ ಬೀಳಿಸೋ ಮೇಷ್ಟ್ರು ಎಂದೇ ಹೆಸರು.

ಒಂದು ಬೆಳಿಗ್ಗೆ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದು ಅವಳ ಎದುರಿನ ಕುರ್ಚಿಯಲ್ಲಿ ಕೂತ. ಕುರ್ಚಿ ಕಿರ್ ಎಂದಿತು.

"ನನ್ನ ಕ್ಲಾಸಿಗೂ ಒಂದು ಕಾಗದ ಬರೆದುಕೊಡಿ ಮೇಡಂ. ಜನ ಬರ್ತಾರೆ, ಇಲ್ಲಿ ಚೆನ್ನಾಗಿ ಬೀಳ್ತಾರೆ, ಮನೆಗೆ ಹೋದಮೇಲೆ ಎಲ್ಲಾ ಮರೆತುಬಿಡ್ತಾರೆ."

"ತಲೆಬರಹ ಏನು ಕೊಡೋಣ?"

"ಹೌ ಟು ಫಾಲ್."

"ಬೀಳೋದು ಹೇಗೆ ಅಂತಲೇ? ಜನ ನಗ್ತಾರೆ. ಅದಕ್ಕೇನು ಪಾಠ ಬೇಕು ಅಂತಾರೆ. 'ಸೇಫ್ಲಿ' ಅಂತ ಒಂದು ಸೇರಿಸೋಣ."

"ಸೇಫಾಗಿ ಬೀಳೋದು ಅಂತ ಯಾವುದೂ ಇಲ್ಲ ಮೇಡಂ. ಕಮ್ಮಿ ಪೆಟ್ಟಾಗೋ ಹಾಗೆ ಬೀಳೋದು, ಅಷ್ಟೆ."

ಅವಳು ತಲೆಬರಹವನ್ನು ಆಮೇಲೆ ನೋಡಿಕೊಂಡರಾಯಿತೆಂದು ಮೊದಲ ವಾಕ್ಯಕ್ಕೆ ಹೋದಳು. 'ಇಫ್ ಯು ಫಾಲ್' ಎಂದು ಟೈಪ್ ಮಾಡಿದ್ದಳಷ್ಟೆ, ಮೇಷ್ಟ್ರು ಪರದೆಯ ಮೇಲೆ ತನ್ನ ದಪ್ಪ ಬೆರಳಿಟ್ಟ.

"ಇಫ್ ಅಲ್ಲ. ವೆನ್."

ಇಂಗ್ಲಿಷಿನಲ್ಲಿ ಒಂದು ಸಣ್ಣ ಮಾತಿನ ವ್ಯತ್ಯಾಸ. ಕನ್ನಡದಲ್ಲಿ ಅಷ್ಟೂ ಇಲ್ಲ, ಕ್ರಿಯಾಪದದ ಬಾಲ ಮಾತ್ರ ಬದಲಾಗುತ್ತದೆ. ಬಿದ್ದರೆ ಎಂದರೆ ಬೀಳದೆಯೂ ಇರಬಹುದು. ಬಿದ್ದಾಗ ಎಂದರೆ ಬೀಳುವುದಂತೂ ಖಾಯಂ, ಯಾವತ್ತು ಎನ್ನುವುದೊಂದೇ ಬಾಕಿ.

"ಹಾಗೆ ಮುಖಕ್ಕೆ ಹೊಡೆದ ಹಾಗೆ ಹೇಳೋಕಾಗುತ್ತಾ?" ಎಂದಳು.

"ಎಲ್ಲರೂ ಬೀಳ್ತಾರೆ ಮೇಡಂ. ಇಷ್ಟು ವರ್ಷದಲ್ಲಿ ಬೀಳದೇ ಇರೋರನ್ನ ನಾನು ನೋಡಿಲ್ಲ. ಇಫ್ ಅಂದ್ರೆ ನನಗಲ್ಲ, ಪಕ್ಕದ ಮಂಚದೋರಿಗೆ ಅಂದ್ಕೊಳ್ತಾರೆ."

ಅವನ ಮಾತು ಸುಳ್ಳಲ್ಲ ಎಂದು ಅವಳಿಗೆ ಅನ್ನಿಸಿತು. ಆದರೂ ಬೆರಳು ಆ ಪದವನ್ನು ಅಳಿಸಲು ಒಪ್ಪಲಿಲ್ಲ. ಅದಕ್ಕೆ ಕಾರಣ ಮೇಲಿನ ಮಹಡಿಯ ಹೆಂಗಸರ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ ಕೂತಿತ್ತು. ಅವಳ ಸ್ವಂತ ಅಕ್ಕ.

ಅಕ್ಕ ಡ್ರೈವಿಂಗ್ ಕಲಿಸುವವಳು. ಆ ಊರಿನಲ್ಲಿ ಕಾರು ಓಡಿಸುವವರಲ್ಲಿ ಬಹಳ ಜನ ಅವಳ ಬಾಯಿಂದ ಬೈಸಿಕೊಂಡೇ ಕಲಿತವರು. ಒಂದು ಮಧ್ಯಾಹ್ನ ಅವಳು ಕಾರಿನಿಂದಿಳಿದು, ಕಲಿಯುವವಳೊಬ್ಬಳಿಗೆ ರಿವರ್ಸ್ ಪಾರ್ಕಿಂಗ್ ಮಾಡಿಸುತ್ತಾ ಕೈ ಬೀಸುತ್ತಿದ್ದಳು. ಪಾಪ, ಆ ಕಲಿಯುವವಳು ಸರಿಯಾಗಿಯೇ ಮಾಡಿದಳು. ಹಿಂದಿನಿಂದ ನೋಡದೆ ರಿವರ್ಸ್ ಬಂದದ್ದು ಒಂದು ನೀರಿನ ಟ್ಯಾಂಕರು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಪ್ರಜ್ಞೆ ಬಂದಾಗ ಅಕ್ಕ ಕೇಳಿದ ಮೊದಲ ಮಾತು, "ಆ ಹುಡುಗಿ ಹ್ಯಾಂಡ್‌ಬ್ರೇಕ್ ಹಾಕಿದ್ಲಾ?" ಎಂದು.

ಅಂಥ ಅಕ್ಕ ಹೊಸ ಕಾಲು ಬಂದ ಮೇಲೆ ಎಲ್ಲರಿಗಿಂತ ಬೇಗ ನಡೆದಳು. ಕಂಬಿ ಹಿಡಿದು ನಡೆದಳು, ಕಂಬಿ ಬಿಟ್ಟು ನಡೆದಳು. ಹೊಸ ಕಾಲಿಗೆ ಬಾಡಿಗೆಯವನು ಎಂದು ಹೆಸರಿಟ್ಟಳು. "ಇವತ್ತು ಬಾಡಿಗೆಯವನು ಸ್ವಲ್ಪ ತಕರಾರು ಮಾಡ್ತಿದ್ದಾನೆ" ಎನ್ನುವಳು. ಆದರೆ ಬೀಳಿಸೋ ಮೇಷ್ಟ್ರ ಕ್ಲಾಸಿಗೆ ಮಾತ್ರ ಹೋಗಲಿಲ್ಲ. ತಂಗಿ ಕೇಳಿದಾಗ ಕೈ ಬೀಸಿ ತಳ್ಳಿಹಾಕಿದಳು.

"ನಾನು ಇಷ್ಟು ವರ್ಷ ಕಾರು ಗುದ್ದೋದು ಹೇಗೆ ಅಂತ ಯಾರಿಗಾದ್ರೂ ಕಲಿಸಿದೀನಾ? ಗುದ್ದದೇ ಇರೋದು ಹೇಗೆ ಅಂತ ಕಲಿಸಿದೀನಿ. ಬೀಳೋರಿಗೆ ಆ ಕ್ಲಾಸು. ನಾನು ಬೀಳಲ್ಲ."

ಈ ಅಕ್ಕನ ಕೈಗೆ 'ವೆನ್ ಯು ಫಾಲ್' ಎಂಬ ಕಾಗದವನ್ನು ಕೊಡುವುದಾದರೂ ಹೇಗೆ? ತಿದ್ದಮ್ಮ ಮೇಷ್ಟ್ರಿಗೆ, "ದೊಡ್ಡ ಡಾಕ್ಟರನ್ನ ಕೇಳೋಣ" ಎಂದು ಜಾರಿಕೊಂಡಳು.

ದೊಡ್ಡ ಡಾಕ್ಟರು ಒಳ್ಳೆಯ ಮನುಷ್ಯ. ಮೀಟಿಂಗಿನಲ್ಲಿ ಮೇಷ್ಟ್ರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "ನಿಮ್ಮ ಕ್ಲಾಸಲ್ಲಿ ನೀವು ಬಾಯಲ್ಲಿ ವೆನ್ ಅಂತಲೇ ಹೇಳ್ತೀರಲ್ಲ. ಅದನ್ನ ಕೇಳಿದ ಮೇಲೆ ಕೊನೇ ಮಂಚದ ಹುಡುಗಿ ಮಂಚ ಬಿಟ್ಟು ಇಳಿದಿಲ್ಲ. ಹೇಗಿದ್ರೂ ಬೀಳೋದೇ ಆದ್ರೆ ಯಾಕೆ ಏಳಬೇಕು ಅಂತ ಕೇಳ್ತಾಳೆ. ನಾನೇನು ಉತ್ತರ ಕೊಡಲಿ?"

ಕೊನೇ ಮಂಚದ ಹುಡುಗಿ ಕಾಲೇಜು ಓದುವವಳು. ಗಾಡಿ ಅಪಘಾತದಲ್ಲಿ ಕಾಲು ಹೋಗಿತ್ತು. ಹೊಸ ಕಾಲು ಮಂಚದ ಕೆಳಗೆ ಪೆಟ್ಟಿಗೆಯಲ್ಲೇ ಇತ್ತು.

ಕೊನೆಗೆ ಪರಿಹಾರ ಹುಡುಕಿದವಳು ತಿದ್ದಮ್ಮನೇ. ಇಫ್ ಬೇಡ, ವೆನ್ ಬೇಡ, 'ಇನ್ ಕೇಸ್ ಆಫ್ ಎ ಫಾಲ್' ಎಂದಳು. ಬೀಳುವಿಕೆ ಸಂಭವಿಸಿದಲ್ಲಿ. ಅದರ ಕೆಳಗೆ ಎಲ್ಲವನ್ನೂ ಅದೇ ಧಾಟಿಯಲ್ಲಿ ನುಣ್ಣಗೆ ಮಾಡಿದಳು: ಗದ್ದವನ್ನು ಎದೆಗೆ ತರತಕ್ಕದ್ದು, ಕೈಯನ್ನು ನೇರವಾಗಿ ಊರತಕ್ಕದ್ದಲ್ಲ, ಕೆಲವು ಕ್ಷಣ ಅಲುಗಾಡದೆ ಮಲಗಿರತಕ್ಕದ್ದು. ದೊಡ್ಡ ಡಾಕ್ಟರಿಗೆ ಹಿಡಿಸಿತು. ಅಚ್ಚಿಗೆ ಹೋಯಿತು. ಮೇಷ್ಟ್ರು ಒಂದು ಪ್ರತಿ ಓದಿ, ಮಡಚಿ ಜೇಬಿಗಿಟ್ಟುಕೊಂಡು ಹೇಳಿದ:

"ಚೆನ್ನಾಗಿದೆ ಮೇಡಂ. ಆದ್ರೆ ಇದರಲ್ಲಿ ಬೀಳೋರು ಯಾರೂ ಇಲ್ಲವಲ್ಲ."

ಆ ಮಾತು ಅವಳನ್ನು ಚುಚ್ಚಿತು. ಆದರೂ ಅಕ್ಕ ಆಸ್ಪತ್ರೆಯಿಂದ ಮನೆಗೆ ಹೊರಟ ದಿನ ಅವಳ ಚೀಲದಲ್ಲಿ ಔಷಧಿಯ ಜೊತೆ ಅದರ ಒಂದು ಪ್ರತಿಯನ್ನೂ ಇಟ್ಟಳು.

ಮನೆ ಒಂದೇ. ಕೆಳಗೆ ಅಕ್ಕ ಭಾವ, ಮೇಲೆ ತಿದ್ದಮ್ಮ ಒಬ್ಬಳೇ. ಭಾವ ಅಂಚೆ ಕಚೇರಿಯಿಂದ ನಿವೃತ್ತನಾದವನು, ಕೂತಲ್ಲಿ ಕೂರದ ಜೀವ. ಹೆಂಡತಿ ಬರುವ ಮುಂಚೆಯೇ ಮನೆಯ ಮೇಜು ಕಪಾಟುಗಳ ಮೂಲೆಗಳಿಗೆಲ್ಲ ಸ್ಪಂಜು ಸುತ್ತಿ ಟೇಪು ಅಂಟಿಸಿದ್ದ. ಹಿಡಿದು ನಡೆಯಲೆಂದು ನಡುಮನೆಯ ಉದ್ದಕ್ಕೂ ಹಗ್ಗ ಕಟ್ಟಿದ್ದ. ಅಕ್ಕ ಬಾಗಿಲಲ್ಲೇ ನಿಂತು ನೋಡಿ, "ಇದೇನು ಮನೇನೋ, ಪಾರ್ಸಲ್ಲೋ?" ಎಂದಳು. ಸಂಜೆಯೊಳಗೆ ಹಗ್ಗ ಬಿಚ್ಚಿಸಿದಳು. ಸ್ಪಂಜು ಮಾತ್ರ ಉಳಿಯಿತು.

ಆ ಮೇಲಿನ ದಿನಗಳಲ್ಲಿ ಎಲ್ಲ ಸರಿಯಾಗಿಯೇ ಇದ್ದಂತೆ ಕಂಡಿತು. ಅಕ್ಕ ಅಡುಗೆಮನೆಯಲ್ಲಿ ನಿಲ್ಲತೊಡಗಿದಳು, ಅಂಗಡಿಗೆ ಹೋಗಿಬರತೊಡಗಿದಳು. ಒಮ್ಮೊಮ್ಮೆ ಮೊಣಕೈ ಹತ್ತಿರ ನೀಲಿ ಕಲೆ ಕಾಣುತ್ತಿತ್ತು. "ಬಾಗಿಲು ತಾಗಿತು" ಎನ್ನುತ್ತಿದ್ದಳು. ಬಾಗಿಲಿಗೂ ಸ್ಪಂಜು ಬಂತು.

ಒಂದು ರಜೆಯ ಬೆಳಿಗ್ಗೆ ತಿದ್ದಮ್ಮ ಒಣಹಾಕುವ ಬಟ್ಟೆ ಹಿಡಿದು ಹಿತ್ತಿಲಿಗಿಳಿದಳು. ಅಕ್ಕ ಆಗಲೇ ಅಲ್ಲಿ ತಂತಿಯ ಹತ್ತಿರ ಇದ್ದಳು, ಸೊಂಟಕ್ಕೆ ಬಟ್ಟೆಯ ಬುಟ್ಟಿ ಒತ್ತಿಕೊಂಡು. ವಾಷಿಂಗ್ ಮಷಿನ್ನಿನ ನೀರು ಸಿಮೆಂಟಿನ ಮೇಲೆ ಹರಡಿತ್ತು. ಅಕ್ಕ ತಿರುಗಿದಳು. ಹೊಸ ಕಾಲಿನ ತುದಿ ನೀರಿನ ಪೈಪಿಗೆ ಸಿಕ್ಕಿತು.

ತಿದ್ದಮ್ಮ ಕೈಯಲ್ಲಿದ್ದ ಬಟ್ಟೆ ಎಸೆದು ಓಡಿದಳು. ಅಕ್ಕನನ್ನು ಹಿಡಿದೇಬಿಡುತ್ತೇನೆ ಎಂದು ಓಡಿದವಳಿಗೆ ಒದ್ದೆ ಸಿಮೆಂಟು ಕಾಣಲಿಲ್ಲ. ಕಾಲು ಸರ್ರನೆ ಜಾರಿತು. ಇಬ್ಬರೂ ಬಿದ್ದರು.

ಬೀಳುತ್ತಾ ಬೀಳುತ್ತಾ ಅವಳು ಅಕ್ಕನನ್ನು ನೋಡಿದಳು. ಅಕ್ಕ ಬುಟ್ಟಿಯನ್ನು ದೂರ ಎಸೆದಿದ್ದಳು. ಯಾವುದನ್ನೂ ಹಿಡಿಯಲು ಹೋಗಲಿಲ್ಲ. ಅಲ್ಲಿ ಇಲ್ಲದ ಒಂದು ಕುರ್ಚಿಯ ಮೇಲೆ ಕೂರುವವಳಂತೆ ಮಡಚಿಕೊಂಡು, ಪಕ್ಕಕ್ಕೆ ತಿರುಗಿ, ಸೊಂಟ, ಬೆನ್ನಿನ ಬದಿ, ಭುಜ ಎಂದು ಒಂದೊಂದಾಗಿ ನೆಲಕ್ಕೆ ಒಪ್ಪಿಸಿ, ಗದ್ದವನ್ನು ಎದೆಗೆ ಅವಚಿ ಉರುಳಿದಳು. ಇತ್ತ ತಿದ್ದಮ್ಮ ಬಲಗೈಯನ್ನು ಕೋಲಿನಂತೆ ನೇರ ಮುಂದೆ ಚಾಚಿ ನೆಲಕ್ಕೆ ಊರಿದಳು. ಮಣಿಕಟ್ಟಿನಲ್ಲಿ ಲಟಕ್ ಎಂದಿತು.

ಇಬ್ಬರೂ ಅಂಗಾತ ಹೊರಳಿ ಆಕಾಶ ನೋಡುತ್ತಾ ಮಲಗಿದರು. ಮೊದಲು ಮಾತಾಡಿದ್ದು ಅಕ್ಕ.

"ಕೈ ಯಾಕೇ ಊರಿದೆ? ಊರಬಾರದು ಅಂತ ನೀನೇ ಬರೆದಿದ್ದೀಯಲ್ಲೇ!"

ಸದ್ದು ಕೇಳಿ ಭಾವ ಓಡಿಬಂದ. ಹಿತ್ತಿಲಲ್ಲಿ ಅಕ್ಕತಂಗಿಯರಿಬ್ಬರೂ ಅಂಗಾತ ಬಿದ್ದಿರುವುದನ್ನು ಕಂಡು ಬಾಗಿಲಲ್ಲೇ ಸ್ತಂಭೀಭೂತನಾದ. "ಅಯ್ಯೋ, ಯಾರನ್ನ ಮೊದಲು ಎತ್ತಲಿ?"

"ನನ್ನ ಮುಟ್ಟಬೇಡಿ. ಅವಳ ಕೈ ನೋಡಿ" ಎಂದಳು ಅಕ್ಕ. ಭಾವ ತಂಗಿಯ ಕಡೆ ಬಗ್ಗುವಷ್ಟರಲ್ಲಿ ಅಕ್ಕ ಪಕ್ಕಕ್ಕೆ ಹೊರಳಿ, ಮಂಡಿಯೂರಿ, ಬಟ್ಟೆಬುಟ್ಟಿ ಇಡುವ ಸ್ಟೂಲನ್ನು ಎಳೆದುಕೊಂಡು, ಒಳ್ಳೆಯ ಕಾಲನ್ನು ಮುಂದಿಟ್ಟು ಎದ್ದು ನಿಂತಿದ್ದಳು. ಎಷ್ಟೋ ಸಲ ಮಾಡಿ ಅಭ್ಯಾಸವಾದವರು ಮಾಡುವ ಹಾಗೆ. ಭಾವ ಬಾಯಿ ಬಿಟ್ಟುಕೊಂಡು ನೋಡಿದ.

ಮೂಳೆ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಅಕ್ಕತಂಗಿ ಕಾಯುತ್ತಾ ಕೂತರು. ಭಾವ ಎಕ್ಸ್‌ರೇ ತರಲು ಹೋಗಿದ್ದ. ತಿದ್ದಮ್ಮನ ಕೈ ಟವೆಲಿನ ಜೋಲಿಯಲ್ಲಿತ್ತು.

"ಇದು ಮೊದಲನೇ ಸಲ ಅಲ್ಲ, ಅಲ್ವಾ?" ಎಂದು ಕೇಳಿದಳು.

ಅಕ್ಕ ಎದುರಿನ ಗೋಡೆ ನೋಡಿದಳು. "ಬಚ್ಚಲಲ್ಲಿ ಬಿದ್ದೆ. ಮಂಚದ ಪಕ್ಕ ಬಿದ್ದೆ. ಒಂದ್ಸಲ ಅಂಗಡಿ ಮುಂದೆ, ಎಲ್ಲರ ಎದುರಿಗೆ. ಚಿಲ್ಲರೆ ಬಿದ್ದೋಯ್ತು ಅಂತ ಹುಡುಕೋ ಹಾಗೆ ನಾಟಕ ಮಾಡಿದೆ."

"ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ? ಮೊದಲನೇ ಸಲ ಬಿದ್ದ ಮಧ್ಯಾಹ್ನ ನಿನ್ನ ಕಾಗದ ತೆಗೆದು ಓದಿದೆ. ಇನ್ ಕೇಸ್ ಅಂತಿತ್ತು. ಪರೀಕ್ಷೇಲಿ ಫೇಲಾದೋರು ಮುಂದೇನು ಮಾಡಬೇಕು ಅಂತ ಬರೆದ ಹಾಗಿತ್ತು ಕಣೇ. ಬೇರೆಯೋರೆಲ್ಲ ಪಾಸಾಗಿದಾರೆ, ನಾನೊಬ್ಬಳೇ ಫೇಲು ಅನ್ನಿಸಿತು. ಆಮೇಲೆ ನಾನೇ ನನ್ನ ಪಾಡಿಗೆ ಕಲಿತೆ. ಹಾಸಿಗೆ ನೆಲಕ್ಕೆ ಹಾಕ್ಕೊಂಡು, ಇವರು ಪೇಟೆಗೆ ಹೋದಾಗ."

ತಿದ್ದಮ್ಮನಿಗೆ ಕೈಯ ನೋವು ಒಂದು ಕ್ಷಣ ಮರೆತೇಹೋಯಿತು. ತಾನು ಅಷ್ಟು ಜತನದಿಂದ ನುಣ್ಣಗೆ ಮಾಡಿದ ವಾಕ್ಯದ ಮೇಲೆ ಅಕ್ಕ ಒಬ್ಬಳೇ ಜಾರಿದ್ದಳು.

"ವೆನ್ ಅಂತ ಬರೆದಿದ್ರೆ? ಬಿದ್ದಾಗ ಅಂತ?"

ಅಕ್ಕ ಯೋಚಿಸಿದಳು. "ಆಸ್ಪತ್ರೇಲಿದ್ದಾಗ ಅದನ್ನ ಓದಿದ್ರೆ ಬಾಡಿಗೆಯವನ ಕೈಲಿ ಅವತ್ತೇ ಮನೆ ಖಾಲಿ ಮಾಡಿಸ್ತಿದ್ದೆ."

"ಮತ್ತೆ ಏನಂತ ಬರೀಬೇಕಿತ್ತು?"

"ನನಗೇನು ಗೊತ್ತು? ಬರೆಯೋಳು ನೀನು."

ಕೈಗೆ ಪ್ಲಾಸ್ಟರ್ ಬಿತ್ತು. ಬಲಗೈ ಕಟ್ಟಿಸಿಕೊಂಡು ಮನೆಯಲ್ಲಿ ಕೂತ ತಿದ್ದಮ್ಮನಿಗೆ ಆ ಕಾಗದದ್ದೇ ಚಿಂತೆ. ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಕಂಪ್ಯೂಟರ್ ಹಿಡಿದು ಕೆಳಗಿಳಿದು ಅಕ್ಕನ ಮುಂದಿಟ್ಟಳು.

"ನಾನು ಹೇಳ್ತೀನಿ, ನೀನು ಟೈಪ್ ಮಾಡು."

ಅಕ್ಕ ಎರಡೇ ಬೆರಳಿನಲ್ಲಿ, ಕಾದ ಹೆಂಚಿನ ಮೇಲಿಂದ ರೊಟ್ಟಿ ತೆಗೆಯುವವಳಂತೆ ಟೈಪ್ ಮಾಡತೊಡಗಿದಳು. ತಿದ್ದಮ್ಮ ಈ ಸಲ ನೇರವಾಗಿ ಹೇಳಿದಳು: 'ಟಕ್ ಯುವರ್ ಚಿನ್. ಟರ್ನ್ ಟು ಒನ್ ಸೈಡ್.' ಗದ್ದ ಒತ್ತಿಕೊಳ್ಳಿ, ಪಕ್ಕಕ್ಕೆ ತಿರುಗಿ. ಅಕ್ಕ ಬೆರಳು ನಿಲ್ಲಿಸಿದಳು.

"ಹೀಗೆ ಅಪ್ಪಣೆ ಮಾಡಬೇಡ."

"ನೀನು ಕಾರಲ್ಲಿ ಮಾಡಲ್ವಾ? ಬ್ರೇಕ್ ಒತ್ತು, ಕ್ಲಚ್ ಬಿಡು ಅಂತ ರಸ್ತೆಗೆಲ್ಲ ಕೇಳೋ ಹಾಗೆ ಕಿರುಚ್ತೀಯ."

"ನಾನು ಪಕ್ಕದ ಸೀಟಲ್ಲಿ ಕೂತಿರ್ತೀನಿ. ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತೆ. ಅವರು ಒತ್ತದೇ ಇದ್ರೆ ನಾನು ಒತ್ತುತೀನಿ, ಗುದ್ದಿದ್ರೆ ಇಬ್ಬರಿಗೂ ಪೆಟ್ಟು. ಅದಕ್ಕೇ ಕಿರುಚೋ ಹಕ್ಕಿದೆ. ನಿನ್ನ ಕಾಗದದ ಕಾಲ ಕೆಳಗೆ ಏನಿದೆ?"

ತಿದ್ದಮ್ಮ 'ಯು ಶುಡ್', 'ಯು ನೀಡ್ ಟು', 'ಇಟ್ ಈಸ್ ಬೆಸ್ಟ್ ಟು' ಎಂದು ಒಂದೊಂದೇ ಮಾತು ಮನಸ್ಸಿನಲ್ಲಿ ಎತ್ತಿ ಇಟ್ಟಳು. ಮಾಡಬೇಕು, ಮಾಡಬೇಕಾಗುತ್ತದೆ, ಮಾಡಿದರೆ ಒಳ್ಳೆಯದು. ಎಲ್ಲವೂ ನಿಂತಿರುವವನು ಬಿದ್ದವನಿಗೆ ಹೇಳುವ ಮಾತುಗಳೇ.

"ಹೋಗಲಿ, ಅವತ್ತು ಹಿತ್ತಿಲಲ್ಲಿ ನೀನು ಏನು ಮಾಡಿದೆ ಅಂತ ಹೇಳು. ಅಷ್ಟೇ ಹೇಳು" ಎಂದಳು ಕೊನೆಗೆ.

ಅಕ್ಕ ಹೇಳತೊಡಗಿದಳು. ಕಾಲು ಸಿಕ್ಕಿಕೊಂಡಿದ್ದು ಮೊದಲು ಗೊತ್ತಾಗುವುದು ಸೊಂಟಕ್ಕೆ, ಯಾಕೆಂದರೆ ಆ ಕಾಲಿನ ತುದಿಗೆ ಏನೂ ಗೊತ್ತಾಗುವುದಿಲ್ಲ. ಆಗ ಏನನ್ನಾದರೂ ಹಿಡಿಯಬೇಕು ಅನ್ನಿಸುತ್ತದೆ, ನಾನು ಹಿಡಿಯುವುದಿಲ್ಲ. ಕೈಯಲ್ಲಿ ಇರುವುದನ್ನು ಎಸೆಯುತ್ತೇನೆ, ಮೊಟ್ಟೆಯಾದರೂ ಸರಿ. ಕೂರಲು ಹೋಗುತ್ತೇನೆ, ಪಕ್ಕಕ್ಕೆ ಉರುಳಿ ಬೇಗ ಭುಜ ಊರುತ್ತೇನೆ. ಬಿದ್ದ ಮೇಲೆ ತಕ್ಷಣ ಏಳುವುದಿಲ್ಲ. ಯಾರಾದರೂ ನೋಡಿದರೇನೋ ಎಂದು ನಾಚಿಕೆಯಾಗುತ್ತದೆ, ನಾಚಿಕೆ ಹೋಗುವವರೆಗೂ ಮಲಗಿರುತ್ತೇನೆ. ಆಮೇಲೆ ಕಾಲು ನೋಡಿಕೊಳ್ಳುತ್ತೇನೆ.

ತಿದ್ದಮ್ಮ ಅದನ್ನೇ ಇಂಗ್ಲಿಷಿಗೆ ತಂದಳು, ಅಕ್ಕ ಟೈಪ್ ಮಾಡಿದಳು. ಎಲ್ಲ ವಾಕ್ಯವೂ 'ಐ' ಎಂದು ಶುರುವಾಯಿತು. ಅದರಲ್ಲಿ ಇಫ್ ಬರಲಿಲ್ಲ, ವೆನ್ ಕೂಡ ಬರಲಿಲ್ಲ. ಬಿದ್ದವಳೊಬ್ಬಳು ಹೇಳುತ್ತಿದ್ದಾಳೆ ಎಂದ ಮೇಲೆ ಅವೆರಡರ ಜರೂರೇ ಬೀಳಲಿಲ್ಲ.

ಜಗಳವಾದದ್ದು ತಲೆಬರಹಕ್ಕೆ. ಅಕ್ಕ 'ಐ ಫಾಲ್ ಲೈಕ್ ದಿಸ್' ಎಂದು ಹೊಡೆದಿದ್ದಳು.

"ಲೈಕ್ ದಿಸ್ ಅಂದ್ರೆ ಎದುರಿಗೆ ಬಿದ್ದು ತೋರಿಸಬೇಕು. ಕಾಗದ ಬೀಳಲ್ಲ" ಎಂದಳು ತಿದ್ದಮ್ಮ. "ದಿಸ್ ಈಸ್ ಹೌ ಐ ಫಾಲ್ ಅಂತ ಮಾಡು."

"ಎರಡೂ ಒಂದೇ ಅಲ್ವೇನೇ?"

"ಒಂದೇ. ಆದ್ರೆ ಒಂದು ಬೀಳೋದನ್ನ ತೋರಿಸುತ್ತೆ, ಇನ್ನೊಂದು ಹೇಗೆ ಅನ್ನೋದನ್ನ ತೋರಿಸುತ್ತೆ."

ಅಕ್ಕ ತಂಗಿಯ ಮುಖ ನೋಡಿ, "ಇದಕ್ಕೇ ನಿನಗೆ ಆಸ್ಪತ್ರೇಲಿ ಆ ಹೆಸರಿಟ್ಟಿರೋದು" ಎಂದಳು. ಆದರೂ ಬದಲಾಯಿಸಿದಳು. ಒಳಗಿನಿಂದ ಭಾವ, "ಮೊಟ್ಟೆ ಎಸೆಯೋ ವಿಷಯ ಬರೀಬೇಡಿ, ಜನ ಸುಮ್ಮನೆ ಎಸೀತಾರೆ" ಎಂದು ಕೂಗಿದ. ಮೊಟ್ಟೆ ಉಳಿಯಿತು.

ದೊಡ್ಡ ಡಾಕ್ಟರು ಅದನ್ನು ಎರಡು ಸಲ ಓದಿದರು. "ಆಸ್ಪತ್ರೆ ಕಾಗದದಲ್ಲಿ 'ಐ' ಅಂತ ಬರೋ ಹಾಗಿಲ್ಲವಲ್ಲ. ಈ ಐ ಯಾರು?"

"ನನ್ನ ಅಕ್ಕ, ಸಾರ್."

"ಅವರು ಕ್ಲಾಸಿಗೇ ಹೋಗಿರಲಿಲ್ಲ ಅಲ್ವಾ?"

"ಹೌದು. ಹೋಗಲಾರದೇ ಹೋದವರಿಗೇ ಇದು."

ಡಾಕ್ಟರು ಕಾಗದವನ್ನು ಮೇಷ್ಟ್ರ ಕಡೆ ಸರಿಸಿದರು. ಮೇಷ್ಟ್ರು ತುಂಬಾ ಹೊತ್ತು ಓದಿದ. ಕೊನೆಗೆ, "ಭುಜ ಬೇಗ ಊರ್ತಿದಾರೆ ಇವರು. ಹೀಗೇ ಬಿದ್ರೆ ಒಂದಿನ ಕೀಲು ತಪ್ಪುತ್ತೆ. ಅದೊಂದು ನಾನು ತೋರಿಸಿಕೊಡಬೇಕು" ಎಂದ. ಬೇರೆ ಯಾವ ತಪ್ಪನ್ನೂ ಎತ್ತಲಿಲ್ಲ. ಮೊದಲು ವಾರ್ಡಿನಲ್ಲಿ ನಾಲ್ಕು ಜನರಿಗೆ ಕೊಟ್ಟು ನೋಡೋಣ, ಆಮೇಲೆ ಅಚ್ಚು ಎಂದು ತೀರ್ಮಾನವಾಯಿತು.

ಕೊನೇ ಮಂಚದ ಹುಡುಗಿ ಓದಿದ ಮೇಲೆ ನರ್ಸನ್ನು ಕರೆದು ಕೇಳಿದಳಂತೆ: "ನಾಚಿಕೆ ಹೋಗೋವರೆಗೂ ಮಲಗಿರ್ತೀನಿ ಅಂತಾರಲ್ಲ, ಅದು ಎಷ್ಟು ಹೊತ್ತು?" ನರ್ಸಿಗೆ ಗೊತ್ತಿರಲಿಲ್ಲ. ತಿದ್ದಮ್ಮನನ್ನು ಕೇಳಿದಳು. ಅವಳಿಗೂ ಗೊತ್ತಿರಲಿಲ್ಲ. ಅಕ್ಕನನ್ನೇ ಕರೆಸಬೇಕಾಯಿತು.

ಅಕ್ಕ ಬಂದಳು, ಹುಡುಗಿಯ ಮಂಚದ ಪಕ್ಕ ಕೂತಳು. ಇಬ್ಬರೂ ಏನು ಮಾತಾಡಿಕೊಂಡರೋ ಯಾರಿಗೂ ಹೇಳಲಿಲ್ಲ. ಆದರೆ ಮಂಚದ ಕೆಳಗಿನ ಪೆಟ್ಟಿಗೆ ತೆರೆಯಿತು. ಕೆಲವು ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ, ಹುಡುಗಿ ಕೆಳಗಿನ ಹಜಾರಕ್ಕೆ ಬಂದಳು. ಚಾಪೆಯ ಮೇಲೆ ಅಕ್ಕ ನಿಂತಿದ್ದಳು. ಮೇಷ್ಟ್ರು ಗೋಡೆಗೊರಗಿ ಕೂತಿದ್ದ.

ಅಕ್ಕ ಬಿದ್ದಳು. ಎದ್ದಳು. ಮೇಷ್ಟ್ರು ಎದ್ದುಬಂದು ಅವಳ ಭುಜ ಹಿಡಿದು ಎಲ್ಲಿ ತಿರುಗಿಸಬೇಕೆಂದು ತೋರಿಸಿದ. ಅಕ್ಕ ಮೊದಲು ಮೂತಿ ತಿರುಗಿಸಿದಳು, ಆಮೇಲೆ ಹಾಗೇ ಮಾಡಿದಳು. ನೋವು ಕಮ್ಮಿ ಎಂದು ಒಪ್ಪಿಕೊಂಡಳು. ಹುಡುಗಿ ಅವತ್ತು ಬೀಳಲಿಲ್ಲ, ನೋಡುತ್ತಾ ನಿಂತಿದ್ದಳು ಅಷ್ಟೆ. ಬಿದ್ದದ್ದು ಅದರ ಮುಂದಿನ ವಾರ. ಬಿದ್ದು ನಕ್ಕಳು, ನಗುತ್ತಾ ನಗುತ್ತಾ ಅತ್ತಳು, ಅಕ್ಕ ಪಕ್ಕದಲ್ಲಿ ಮಲಗಿಕೊಂಡು ಕಾದಳು.

ಹೊರಗೆ ಬರುವಾಗ ಮೇಷ್ಟ್ರು ತಿದ್ದಮ್ಮನಿಗೆ ಹೇಳಿದ: "ಇಷ್ಟು ವರ್ಷ ಎರಡು ಕಾಲಿಟ್ಕೊಂಡು ಬಿದ್ದು ತೋರಿಸ್ತಿದ್ದೆ ಮೇಡಂ. ನೋಡೋರಿಗೆ ಏನನ್ನಿಸ್ತಿತ್ತೋ ಏನೋ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸ್ವಲ್ಪ ಬೇಜಾರಿತ್ತು. ಅವಳು ಸಮಾಧಾನದ ಮಾತು ಹುಡುಕಿದಳು. ಸಿಕ್ಕ ಯಾವುದೂ ಸರಿಯೆನ್ನಿಸದೆ, "ಭುಜದ ವಿಷಯ ನಿಮ್ಮಿಂದಲೇ ಗೊತ್ತಾಯ್ತಲ್ಲ. ಅದನ್ನೂ ಸೇರಿಸ್ತೀನಿ" ಎಂದಳು. "ಹೇಗೆ ಸೇರಿಸ್ತೀರಿ?" ಎಂದ. "'ಮೇಷ್ಟ್ರು ಹೇಳಿಕೊಟ್ಟ ಮೇಲೆ ನಾನು ಭುಜವನ್ನ ಹೀಗೆ ತಿರುಗಿಸ್ತೀನಿ' ಅಂತ." ಅವನ ಮುಖ ಅರಳಿತು.

ಕಾಗದ ಅಚ್ಚಾಯಿತು. ಹಳೆಯದನ್ನು ಕಪಾಟಿನಿಂದ ತೆಗೆದರು. ಅಕ್ಕ ವಾರಕ್ಕೊಮ್ಮೆ ಹಜಾರಕ್ಕೆ ಬರತೊಡಗಿದಳು. ಕ್ಲಚ್ ಇಲ್ಲದ ಕಾರೊಂದನ್ನು ಕೊಳ್ಳುವ ಮಾತೂ ಮನೆಯಲ್ಲಿ ನಡೆದಿತ್ತು. ಎಡಗಾಲಿಗೆ ಕೆಲಸವಿಲ್ಲದ ಕಾರು ಬಾಡಿಗೆಯವನಿಗೆ ಒಪ್ಪುತ್ತದೆ ಎಂದು ಭಾವನ ವಾದ.

ಪ್ಲಾಸ್ಟರ್ ತೆಗೆಸಿ, ಕೈಗೆ ಬಲ ಬಂದಮೇಲೆ, ತಿದ್ದಮ್ಮನೂ ಒಂದು ದಿನ ಊಟದ ಬಿಡುವಿನಲ್ಲಿ ಕೆಳಗಿಳಿದು ಚಪ್ಪಲಿ ಬಿಟ್ಟು ಚಾಪೆ ಹತ್ತಿದಳು. ಕೊನೇ ಮಂಚದ ಹುಡುಗಿ, ಮೇಷ್ಟ್ರು, ಅಕ್ಕ ಮೂವರೂ ನೋಡುತ್ತಿದ್ದರು. ಏನು ಮಾಡಬೇಕೆಂಬುದು ಅವಳಿಗೆ ಬಾಯಿಪಾಠ. ಪ್ರತಿ ಪದವನ್ನೂ ತೂಗಿ ಇಟ್ಟವಳೇ ಅವಳು. ಕಣ್ಣು ಮುಚ್ಚಿ ಬಿದ್ದಳು. ಕೈ ತಾನಾಗಿಯೇ ಮುಂದೆ ಹೋಯಿತು. ಚಾಪೆ ದಪ್ಪವಿದ್ದುದರಿಂದ ಏನೂ ಆಗಲಿಲ್ಲ.

"ಕೈ!" ಎಂದು ಅಕ್ಕ ಕಿರುಚಿದಳು, ಇಡೀ ಹಜಾರಕ್ಕೆ ಕೇಳುವಂತೆ. ಆಮೇಲೆ ಬಂದು ಅವಳ ಪಕ್ಕದಲ್ಲೇ, ತೋಳಿಗೆ ತೋಳು ತಾಗುವಷ್ಟು ಹತ್ತಿರ ನಿಂತಳು. "ಏಳು. ಇಬ್ಬರೂ ಒಟ್ಟಿಗೆ ಬೀಳೋಣ."

ತಿದ್ದಮ್ಮ ಎದ್ದು ನಿಂತಳು.